ಕಲಿಸಿದ ಮೇಲೂ ಕಲಿತ ಹೆಬ್ಬಾರರು: ಮಗಳಿಗೊಂದು ಪತ್ರ

ಚಿರಂಜೀವಿ ಮಗಳಿಗೆ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಚಿತ್ರಕಲಾ ಶಿಕ್ಷಕಿಯಾಗಿ ಕೆಲಸಕ್ಕೆ ಸೇರಿದ ಮೇಲೆ ಸ್ವಂತ ಚಿತ್ರಕ್ಕೆ ಕೈಯೇ ಏಳುತ್ತಿಲ್ಲವೆಂದೂ, ಬರೋಡಾದ ಕಲಾಶಾಲೆಗೆ ಹೋಗಿ ಮತ್ತೆ ಓದುವ ವಯಸ್ಸು ಮೀರಿತೇನೋ ಎಂದೂ ನೀನು ಬರೆದಿದ್ದೀಯ. ಉಪದೇಶ ಹೇಳುವಷ್ಟು ಕಲೆಯ ಜ್ಞಾನ ನನಗಿಲ್ಲ. ಆದರೆ ನಮ್ಮ ಉಡುಪಿ ಸೀಮೆಯವರೇ ಆದ ಚಿತ್ರಕಲಾವಿದ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರ ಬದುಕಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದವನು ನಾನು. ನಿನ್ನ ಎರಡೂ ಪ್ರಶ್ನೆಗಳು ಅವರ ಬದುಕಿನಲ್ಲಿಯೂ ಇದ್ದುದರಿಂದ ಅದನ್ನೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಅವರು ಹುಟ್ಟಿದ್ದು 1911ರಲ್ಲಿ, ಕಟ್ಟಿಂಗೇರಿಯಲ್ಲಿ. ತಂದೆ ಚೌತಿಗೆ ಗಣಪತಿಯ ಮೂರ್ತಿ ಮಾಡುತ್ತಿದ್ದವರು. ಊರಿನ ಸುತ್ತ ಯಕ್ಷಗಾನ, ಭೂತಕೋಲ, ಕೋಳಿಅಂಕ. ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿ ಕೆಲಕಾಲ ಇದ್ದು ಮುಂಬಯಿಗೆ ಹೋದರು. ಅಲ್ಲಿ ಕನ್ನಡಿಗರೇ ಆದ ಜಿ. ಎಸ್. ದಂಡಾವತಿಮಠರ ನೂತನ ಕಲಾಮಂದಿರದಲ್ಲಿ ಕಲಿತು, ಜೆ. ಜೆ. ಕಲಾಶಾಲೆ ಸೇರಿ, 1938ರಲ್ಲಿ ಡಿಪ್ಲೊಮಾ ಪಡೆದರು. ಎರಡು ವರ್ಷಗಳ ನಂತರ ಅದೇ ಶಾಲೆಯಲ್ಲಿ ಅಧ್ಯಾಪಕರಾಗಿ 1945ರವರೆಗೆ ಪಾಠ ಹೇಳಿದರು.

1857ರಲ್ಲಿ ಆರಂಭವಾದ ಆ ಶಾಲೆಯ ಶಿಕ್ಷಣಕ್ರಮ ಇಂಗ್ಲೆಂಡಿನಿಂದ ಬಂದದ್ದು. ಮೊದಲು ಗ್ರೀಕ್ ಪ್ರತಿಮೆಗಳ ಪ್ಲಾಸ್ಟರ್ ಅಚ್ಚುಗಳನ್ನು ನೋಡಿ ನೆರಳು ಬೆಳಕು ತುಂಬುವುದು, ಆಮೇಲೆ ರೂಪದರ್ಶಿಯನ್ನು ಕೂರಿಸಿ ಬರೆಯುವುದು. ಹೆಬ್ಬಾರರು ಇದನ್ನು ಚೆನ್ನಾಗಿಯೇ ಕರಗತ ಮಾಡಿಕೊಂಡಿದ್ದರು. ಆದರೆ ಕೈಗೆ ಹತ್ತಿದ ಆ ಕೌಶಲದಿಂದ ತಾನು ಕಂಡ ಬದುಕನ್ನು ಹೇಳಲಾಗುತ್ತಿಲ್ಲವೆಂಬ ಅತೃಪ್ತಿ ಅವರಿಗೆ ಹತ್ತಿಕೊಂಡಿತು. ಅಜಂತಾ, ಜೈನ ಹಸ್ತಪ್ರತಿಗಳ ಚಿತ್ರ, ರಜಪೂತ ಮತ್ತು ಮೊಘಲ್ ಕಿರುಚಿತ್ರಗಳತ್ತ (ಚಿಕ್ಕ ಅಳತೆಯ ವರ್ಣಚಿತ್ರಗಳು) ಅವರು ತಿರುಗಿದ್ದು ಈ ಕಾರಣದಿಂದ. ಪ್ಯಾರಿಸ್ಸಿನಲ್ಲಿ ಕಲಿತು ಬಂದು ಭಾರತದ ಹಳ್ಳಿಯ ಜನರನ್ನು ಅಗಲವಾದ, ಸರಳವಾದ ಬಣ್ಣದ ಹರವುಗಳಲ್ಲಿ ಬರೆದ ಅಮೃತಾ ಶೇರ್‌ಗಿಲ್‌ರ ಕೃತಿಗಳು ಕೂಡ ಅವರನ್ನು ಗಾಢವಾಗಿ ತಟ್ಟಿದವು. ಶೇರ್‌ಗಿಲ್ ಹೆಬ್ಬಾರರಿಗಿಂತ ಎರಡು ವರ್ಷ ಚಿಕ್ಕವರು ಎಂಬುದನ್ನು ಗಮನಿಸು. ಕಿರಿಯರಿಂದ ಕಲಿಯಲು ಹೆಬ್ಬಾರರಿಗೆ ಸಂಕೋಚವಿರಲಿಲ್ಲ.

ಇದರ ಫಲ ಕಾಣುವುದು ಅವರು ಮಲಬಾರಿನ ಕಡೆ ತಿರುಗಾಡಿ ರಚಿಸಿದ ಕೇರಳ ಸರಣಿಯ ತೈಲಚಿತ್ರಗಳಲ್ಲಿ. ಅವುಗಳಲ್ಲಿ ದಿಗಂತವನ್ನು ಎಷ್ಟು ಮೇಲಕ್ಕೆ ಇಟ್ಟಿದ್ದಾರೆಂದು ನೋಡು. ಆಕಾಶಕ್ಕೆ ಉಳಿಯುವುದು ಅಂಚಿನಷ್ಟು ಜಾಗ. ನೆಲ, ಓಣಿ, ಗೋಡೆ, ತೆಂಗಿನ ನೆರಳು ಎಲ್ಲವೂ ನಮ್ಮ ಕಡೆಗೆ ಓಲಿ ಎದ್ದು ನಿಂತಂತೆ ಕಾಣುತ್ತವೆ. ದೂರದ್ದನ್ನು ಚಿಕ್ಕದಾಗಿ ತೋರಿಸುವ, ಶಾಲೆಯಲ್ಲಿ ಕಲಿಸುವ ಪರ್ಸ್‌ಪೆಕ್ಟಿವ್‌ನ ಲೆಕ್ಕಕ್ಕೆ ಇದು ಒಗ್ಗುವುದಿಲ್ಲ, ಕಿರುಚಿತ್ರಗಳ ಕ್ರಮಕ್ಕೆ ಹತ್ತಿರ. ಹಗಲು ವಿದ್ಯಾರ್ಥಿಗಳಿಗೆ ಒಂದು ಕ್ರಮವನ್ನು ಕಲಿಸುತ್ತ, ತನ್ನ ಕ್ಯಾನ್ವಾಸಿನ ಮೇಲೆ ಅದನ್ನೇ ಬಿಚ್ಚಿ ಬೇರೆಯಾಗಿ ಕಟ್ಟುವ ಕೆಲಸ ಸುಲಭದ್ದಲ್ಲ. ಅಧ್ಯಾಪನ ಅವರ ಕೈಯನ್ನು ಕಟ್ಟಿಹಾಕಲಿಲ್ಲವೆಂದು ನಾನು ಧೈರ್ಯವಾಗಿ ಹೇಳುವುದು ಈ ಚಿತ್ರಗಳನ್ನು ನೋಡಿಯೇ. ಹಾಗೆಂದು ಅವರು ಅಲ್ಲಿಯೇ ಉಳಿಯಲೂ ಇಲ್ಲ. ಐದು ವರ್ಷಕ್ಕೆ ಕೆಲಸ ಬಿಟ್ಟು ಕುಂಚವನ್ನೇ ನಂಬಿ ಸಂಸಾರ ನಡೆಸಿದರು. ಈ ಭಾಗವನ್ನು ನಿನ್ನ ಅಮ್ಮನಿಗೆ ಓದಿ ಹೇಳಲು ನನಗೆ ಸ್ವಲ್ಪ ಅಳುಕು.

ಇನ್ನು ನಿನ್ನ ವಯಸ್ಸಿನ ಮಾತು. 1949ರಲ್ಲಿ ಹೆಬ್ಬಾರರು ಪ್ಯಾರಿಸ್ಸಿನ ಅಕಾಡೆಮಿ ಜೂಲಿಯಾಂ ಎಂಬ ಕಲಾಶಾಲೆಗೆ ವಿದ್ಯಾರ್ಥಿಯಾಗಿ ಹೋದಾಗ ಅವರಿಗೆ ಮೂವತ್ತೆಂಟು ವರ್ಷ. ಅಷ್ಟರಲ್ಲಿ ಅವರು ಅಧ್ಯಾಪಕರಾಗಿದ್ದವರು, ಬಾಂಬೆ ಆರ್ಟ್ ಸೊಸೈಟಿಯ ಚಿನ್ನದ ಪದಕ ಪಡೆದವರು. ಅಲ್ಲಿ ಹೋಗಿ ಮತ್ತೆ ಈಸೆಲ್ ಮುಂದೆ ನಿಂತರು. ಅದು ಸಾಲದೆಂಬಂತೆ ಅಲ್ಲಿಯ ಎಕೋಲ್ ಎಸ್ತಿಯೆನ್ ಶಾಲೆಯಲ್ಲಿ ಎನ್‌ಗ್ರೇವಿಂಗ್, ಅಂದರೆ ತಗಡಿನ ಮೇಲೆ ಕೊರೆದು ಅಚ್ಚು ತೆಗೆಯುವ ಕಲೆ, ಕಲಿತರು. (ಪ್ಯಾರಿಸ್ಸಿನ ಸರ್ಕಾರಿ ಕಲಾಶಾಲೆ 1897ರವರೆಗೆ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ, ಅವರಿಗೆ ಅದಕ್ಕೂ ಮೊದಲೇ ಬಾಗಿಲು ತೆರೆದಿದ್ದ ಶಾಲೆಗಳಲ್ಲಿ ಈ ಜೂಲಿಯಾಂ ಒಂದು. ನಿನಗೆ ಇದು ಹಿಡಿಸೀತೆಂದು ಬರೆದೆ.) ಯುರೋಪಿನ ಚಿತ್ರಶಾಲೆಗಳನ್ನು ಸುತ್ತಿದರು, ಬಾಲಿ ದ್ವೀಪಕ್ಕೂ ಹೋಗಿಬಂದರು. ಆದರೆ ಪ್ರವಾಸವೆಂದರೆ ಹೊಸ ಹೊಸ ದೃಶ್ಯಗಳನ್ನು ಬುಟ್ಟಿಗೆ ತುಂಬಿಕೊಳ್ಳುವುದೆಂದು ಅವರು ತಿಳಿದಿರಲಿಲ್ಲವೆಂದೇ ನನ್ನ ಎಣಿಕೆ. ಎಲ್ಲಿಗೆ ಹೋಗಿಬಂದರೂ ಕೂಲಿಯವರು, ಭಿಕ್ಷುಕರು, ಜಾತ್ರೆ, ಕೋಳಿಅಂಕ ಇವನ್ನೇ ಬೇರೆ ಬೇರೆ ರೀತಿಯಲ್ಲಿ ಬರೆದರು. ವಸ್ತು ಹಳೆಯದು, ನೋಡುವ ಬಗೆ ಮಾತ್ರ ಬದಲಾಗುತ್ತ ಹೋಯಿತು.

ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸುವುದು ಅವರ ಕಥಕ್ ಕಲಿಕೆ. ರೇಖೆಗೆ ಲಯ ಬೇಕು, ಆ ಲಯ ಮೈಗೆ ಬರಬೇಕು ಎಂದು ಪಂಡಿತ್ ಸುಂದರ ಪ್ರಸಾದರ ಬಳಿ ಎರಡು ವರ್ಷ ನೃತ್ಯಾಭ್ಯಾಸ ಮಾಡಿದರು. ವೇದಿಕೆ ಏರುವ ಉದ್ದೇಶ ಅವರಿಗಿರಲಿಲ್ಲ. ಮುಂದೆ ಬಂದ ಅವರ ರೇಖಾಚಿತ್ರಗಳಲ್ಲಿ ನರ್ತಕಿಯ ಭುಜದಿಂದ ಹೊರಟ ಗೆರೆ ಬೆನ್ನಿನ ಮೇಲೆ ಜಾರಿ, ಸೊಂಟದಲ್ಲಿ ತಿರುಗಿ, ಮಂಡಿಯವರೆಗೆ ಎಲ್ಲಿಯೂ ತಡವರಿಸದೆ ಬರುತ್ತದೆ. ಮುಖಕ್ಕೆ ಕಣ್ಣು ಮೂಗು ಬರೆಯದಿದ್ದರೂ ಅವಳು ಯಾವ ಕಾಲಿನ ಮೇಲೆ ಭಾರ ಬಿಟ್ಟಿದ್ದಾಳೆಂಬುದು ತಿಳಿಯುತ್ತದೆ. ಯಕ್ಷಗಾನದ ವೇಷಗಳನ್ನೂ ಅವರು ಹೀಗೆಯೇ ಹಿಡಿದಿದ್ದಾರೆ. ಅವರ ರೇಖೆಗೆ ‘ಹಾಡುವ ರೇಖೆ’ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ.

ತೈಲವರ್ಣ ಮಾತ್ರ ಇಂಥ ಓಟಕ್ಕೆ ಸುಲಭವಾಗಿ ಒಗ್ಗದ ಮಾಧ್ಯಮವೆಂಬುದು ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಬಣ್ಣಕ್ಕೆ ಬೆರೆಸುವ ಅಗಸೆ ಎಣ್ಣೆ ನೀರಿನಂತೆ ಆರಿಹೋಗುವುದಿಲ್ಲ, ಗಾಳಿಯೊಡನೆ ಕೂಡಿ ನಿಧಾನವಾಗಿ ಗಟ್ಟಿಯಾಗುತ್ತದೆ. ಕೆಳಗಿನ ಪದರಕ್ಕಿಂತ ಮೇಲಿನ ಪದರದಲ್ಲಿ ಎಣ್ಣೆ ಹೆಚ್ಚಿರದಿದ್ದರೆ ಚಿತ್ರ ಬಿರಿಯುತ್ತದೆ. ಹೆಬ್ಬಾರರ ಮುಂದಿನ ಕೃತಿಗಳಲ್ಲಿ ಬಣ್ಣ ದಪ್ಪವಾಗುತ್ತದೆ, ಮೇಲ್ಮೈ ಒರಟಾಗುತ್ತದೆ, ಆಕೃತಿಗಳು ಅಮೂರ್ತದ ಕಡೆಗೆ ಸರಿಯುತ್ತವೆ. ಕೆಲವು ವಿಮರ್ಶಕರಿಗೆ ಇವೇ ಹೆಚ್ಚು ಇಷ್ಟ. ನನ್ನ ಮನಸ್ಸು ಮಾತ್ರ ಕೇರಳ ಸರಣಿಯನ್ನೂ ರೇಖೆಗಳನ್ನೂ ಬಿಟ್ಟು ಬರುವುದಿಲ್ಲ. ಆದರೆ ಮೆಚ್ಚುಗೆ ಪಡೆದ ಶೈಲಿಯಲ್ಲೇ ಕೂತು ಕಾಲ ಹಾಕದಿದ್ದುದಕ್ಕೆ ಅವರನ್ನು ಗೌರವಿಸುತ್ತೇನೆ.

1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಬಂದವು. 1996ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು. ಅವರ ಮಗಳು ರೇಖಾ ರಾವ್ ಕೂಡ ಚಿತ್ರಕಲಾವಿದೆ.

ಬರೋಡಾದ ಅರ್ಜಿಯನ್ನು ಈ ವರ್ಷವೇ ಹಾಕು. ಶುಲ್ಕದ ವಿಷಯ ನಾನು ನೋಡಿಕೊಳ್ಳುತ್ತೇನೆ. ಕೆಲಸಕ್ಕೆ ರಾಜೀನಾಮೆ ಕೊಡುವ ಮೊದಲು ಸಂಬಳರಹಿತ ರಜೆ ಸಿಗುತ್ತದೆಯೇ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿ ನೋಡು. ದೀಪಾವಳಿಗೆ ಬಂದಾಗ ಮಣಿಪಾಲದಲ್ಲಿರುವ ಹೆಬ್ಬಾರ್ ಗ್ಯಾಲರಿಗೆ ಹೋಗೋಣ. ಬರುವಾಗ ನಿನ್ನ ಸ್ಕೆಚ್ ಪುಸ್ತಕ ತರುವುದನ್ನು ಮರೆಯಬೇಡ.

ಇಂತಿ,
ನಿನ್ನ ಅಪ್ಪ