ಆನೆ ಸುಳಿವಿನ ಗುಂಪಿಗೆ ಬರೆದಿಟ್ಟ ನಿಯಮ ಬೇಕು

ಮಾನ್ಯ ಸಂಪಾದಕರೇ,

ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳ ಕಾಫಿ ತೋಟಗಳ ನಡುವೆ ಬದುಕುವ ನಮಗೆ ಬೆಳಿಗ್ಗೆ ಎದ್ದೊಡನೆ ತಿಳಿಯಬೇಕಾದದ್ದು, ಆನೆ ರಾತ್ರಿ ಯಾರ ತೋಟದಲ್ಲಿ ಉಳಿದಿದೆ ಎಂಬುದು. ಇದಕ್ಕೆಂದೇ ವಾಟ್ಸ್‌ಆ್ಯಪ್ ಗುಂಪುಗಳಿವೆ. ಆದರೆ ಅಲ್ಲಿ ಏನು ಹಾಕಬೇಕು, ಏನು ಹಾಕಬಾರದು ಎಂಬುದನ್ನು ನಾನಿರುವ ಗುಂಪಿನಲ್ಲಿ ಇದುವರೆಗೆ ಯಾರೂ ಬರೆದಿಟ್ಟಿಲ್ಲ.

ಕಳೆದ ಕೊಯ್ಲಿನಲ್ಲಿ ಒಂದು ದಿನ, ಒಂಟಿ ಸಲಗ ಕೆರೆ ಏರಿ ದಾಟಿ ಕೂಲಿಯವರಿರುವ ಲೈನ್ ಮನೆಗಳ ಕಡೆ ಹೊರಟಿದೆ ಎಂದು ಪಕ್ಕದ ತೋಟದವರು ಆರೂವರೆಗೆ ಹಾಕಿದ ಸಂದೇಶ ನನ್ನ ಕಣ್ಣಿಗೆ ಬಿದ್ದದ್ದು ಎಂಟು ಗಂಟೆಗೆ. ಅದರ ಕೆಳಗೆ ಶುಭೋದಯದ ಹೂವಿನ ಚಿತ್ರಗಳು, ಯಾರದೋ ಹುಟ್ಟುಹಬ್ಬ, ಅದಕ್ಕೆ ಸಾಲುಸಾಲು ಶುಭಾಶಯ, ಕಾಳುಮೆಣಸಿನ ಧಾರಣೆ ಎಲ್ಲವೂ ತುಂಬಿಕೊಂಡಿದ್ದವು. ಅಷ್ಟರಲ್ಲಿ ನಮ್ಮ ಏಳು ಮಂದಿ ಹೆಣ್ಣಾಳುಗಳು ಅದೇ ಕಾಲುದಾರಿಯಲ್ಲಿ ನಡೆದು ಕೆಲಸಕ್ಕೆ ಬಂದಾಗಿತ್ತು. ಸಲಗ ಬಿದಿರುಮೆಳೆಯತ್ತ ತಿರುಗಿದ್ದರಿಂದ ಅವರು ಉಳಿದರು. ಇನ್ನೊಮ್ಮೆ, ತಿಂಗಳ ಹಿಂದಿನ ವಿಡಿಯೊವನ್ನು ದಿನಾಂಕವಿಲ್ಲದೆ ಯಾರೋ ಮತ್ತೆ ಹಾಕಿದ್ದರಿಂದ ಊರಿನ ಮಕ್ಕಳು ಅಂದು ಶಾಲೆಗೇ ಹೋಗಲಿಲ್ಲ. ಈ ಗದ್ದಲಕ್ಕೆ ಬೇಸತ್ತು ಹಲವರು ಗುಂಪನ್ನು ಮ್ಯೂಟ್ ಮಾಡಿದ್ದಾರೆ. ನನಗೆ ಹೆಚ್ಚು ಭಯವಾಗುವುದು ಇದರಿಂದಲೇ.

ಅಡ್ಮಿನ್‌ಗಳು ಮಾತ್ರ ಸಂದೇಶ ಕಳುಹಿಸುವಂತೆ ಮಾಡಿದರೆ ಸಾಕೆಂದು ಕೆಲವರು ಹೇಳುತ್ತಾರೆ. ಅದು ನಮಗೆ ಒಗ್ಗದು. ಆನೆಯನ್ನು ಮೊದಲು ಕಾಣುವವನು ಡೇರಿಗೆ ಹಾಲು ಒಯ್ಯುವ ಹುಡುಗ ಅಥವಾ ರಾತ್ರಿ ಕಾವಲಿನವನು. ಅವನ ಬಾಯಿ ಕಟ್ಟಿದರೆ ಗುಂಪಿನಿಂದ ಪ್ರಯೋಜನವೇನು? ಎಲ್ಲರಿಗೂ ಬರೆಯುವ ಅವಕಾಶವಿರಲಿ, ಆದರೆ ಜಾಗ, ಸಮಯ, ಆನೆ ಹೊರಟ ದಿಕ್ಕು, ಸ್ವತಃ ಕಂಡದ್ದೋ ಕೇಳಿದ್ದೋ ಎಂಬಿಷ್ಟು ವಿವರ ಇರಲೇಬೇಕು. ಓದು ಬಾರದ ಕೂಲಿಯವರಿಗಾಗಿ ಅದನ್ನೇ ಧ್ವನಿಯಲ್ಲೂ ಹೇಳಬೇಕು. ಸಂದೇಶಗಳು 24 ಗಂಟೆಗಳಲ್ಲಿ ತಾವಾಗಿ ಅಳಿಸಿಹೋಗುವ ಸೌಲಭ್ಯ ವಾಟ್ಸ್‌ಆ್ಯಪ್‌ನಲ್ಲೇ ಇದ್ದು, ಅದನ್ನು ಬಳಸಿದರೆ ಹಳೆಯ ಸುದ್ದಿ ಗುಂಪಿನಲ್ಲಿ ಉಳಿಯುವುದಿಲ್ಲ. ಆನೆ ನಿಂತ ಜಾಗದ ಚಿತ್ರ ಗುಂಪಿನಿಂದ ಹೊರಗೆ ಹೋಗಬಾರದು, ಏಕೆಂದರೆ ಅದನ್ನು ಕಂಡು ಬೈಕಿನಲ್ಲಿ ಬರುವ ಜನಜಂಗುಳಿಯಿಂದ ಆನೆ ರೊಚ್ಚಿಗೇಳುತ್ತದೆ. ಗುಂಪಿನಲ್ಲಿ ಸಿಕ್ಕ ಹೆಣ್ಣುಮಕ್ಕಳ ನಂಬರಿಗೆ ಬೇರೆ ಕಾರಣಕ್ಕೆ ಕರೆ ಮಾಡಿದವರನ್ನು ಎರಡನೆಯ ಮಾತಿಲ್ಲದೆ ತೆಗೆಯಬೇಕು. ಶುಭಾಶಯ, ಧಾರಣೆಗಳಿಗೆ ಇನ್ನೊಂದು ಗುಂಪು ಇರಲಿ.

ನಮ್ಮಲ್ಲಿ ಅಡ್ಮಿನ್ ಎಂದರೆ ನೆರೆಮನೆಯವರು ಅಥವಾ ನೆಂಟರು. ಫಾರ್ವರ್ಡ್ ಹಾಕಬೇಡಿ ಎನ್ನಲು ಅವರಿಗೆ ದಾಕ್ಷಿಣ್ಯ, ಹೇಳಿದರೆ ಮನಸ್ತಾಪ. ನಿಯಮವನ್ನು ಎಲ್ಲರೂ ಒಪ್ಪಿ ಬರೆದಿಟ್ಟಿದ್ದರೆ ಹೇಳುವವರಿಗೂ ಕೇಳುವವರಿಗೂ ಅದು ವೈಯಕ್ತಿಕ ಮಾತಾಗುವುದಿಲ್ಲ. ಆದ್ದರಿಂದ ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರುವಾಗುವ ಮೊದಲೇ ಅರಣ್ಯ ಸಿಬ್ಬಂದಿ, ಗ್ರಾಮ ಪಂಚಾಯಿತಿ ಸದಸ್ಯರು ಮತ್ತು ಬೆಳೆಗಾರರು ಒಟ್ಟಿಗೆ ಕುಳಿತು, ಕೂಲಿ ಕಾರ್ಮಿಕರನ್ನೂ ಕರೆದು, ಈ ನಿಯಮಗಳನ್ನು ಗುಂಪಿನ ವಿವರಣೆಯಲ್ಲಿ ಕನ್ನಡದಲ್ಲಿ ಬರೆದು ಹಾಕಬೇಕೆಂದು ಕೋರುತ್ತೇನೆ.

ಒಬ್ಬ ಸಣ್ಣ ಕಾಫಿ ಬೆಳೆಗಾರ, ಆಲೂರು ತಾಲ್ಲೂಕು, ಹಾಸನ ಜಿಲ್ಲೆ