ಪದಕದ ಅಂಚು ಒಮ್ಮೆ ನೋಡಿ

ಸಂಪಾದಕರಿಗೆ ನಮಸ್ಕಾರ.

ನನ್ನ ತಂಗಿಯ ಮಗ ಕೆನಡಾದ ಕಿಚನರ್ ಅನ್ನೋ ಊರಿನಲ್ಲಿ ಕೆಲಸದಲ್ಲಿದ್ದಾನೆ. ಕಳೆದ ನವೆಂಬರಿನಲ್ಲಿ ಅಲ್ಲಿಯ ಸ್ಮಶಾನದ ಒಂದು ಫೋಟೋ ಕಳಿಸಿದ. ದಪ್ಪ ಕೋಟು ಹಾಕಿಕೊಂಡ ಜನ, ಪೇಟ ಸುತ್ತಿದ ಸರದಾರರು, ಎಲ್ಲರೂ ಒಂದು ಸಮಾಧಿಯ ಸುತ್ತ ನಿಂತಿದ್ದಾರೆ. "ಮಾವ, ನಿಮಗೆ ಮಿಲಿಟರಿ ಕಥೆ ಇಷ್ಟ ಅಲ್ವಾ, ಇವರ ಬಗ್ಗೆ ಓದಿ" ಅಂದ. ಓದಿದೆ. ಎರಡು ದಿನ ಮನಸ್ಸು ಬೇರೆ ಕಡೆ ಹೋಗಲಿಲ್ಲ.

ಅವರ ಹೆಸರು ಬಕಮ್ ಸಿಂಗ್. ಪಂಜಾಬಿನ ಮಾಹಿಲ್‌ಪುರದವರು, ಹುಟ್ಟಿದ್ದು 1893ರಲ್ಲಿ. ಚಿಕ್ಕಂದಿನಲ್ಲೇ ಮದುವೆಯೂ ಆಗಿತ್ತು. 1907ರಲ್ಲಿ, ಇನ್ನೂ ಮೀಸೆ ಮೂಡದ ವಯಸ್ಸಿನಲ್ಲಿ, ಹೊಟ್ಟೆಪಾಡಿಗೆ ಅಂತ ಕೆನಡಾಕ್ಕೆ ಹೋದರು. ಹೆಂಡತಿ ಊರಲ್ಲೇ ಉಳಿದರು. ಆಗ ಅಲ್ಲಿ ನಮ್ಮವರಿಗೆ ಎಂಥ ಮರ್ಯಾದೆ ಇತ್ತು ಅಂದರೆ, 1914ರಲ್ಲಿ ಕೊಮಗಾಟ ಮಾರು ಹಡಗಿನಲ್ಲಿ ಬಂದ 376 ಜನರಲ್ಲಿ ಬಹುಪಾಲು ಜನರನ್ನು ವ್ಯಾಂಕೂವರ್‌ನಲ್ಲಿ ಕೆಳಗೆ ಇಳಿಯೋದಕ್ಕೂ ಬಿಡದೆ ವಾಪಸ್ ಅಟ್ಟಿದರು. ಮರುವರ್ಷವೇ ಈ ಹುಡುಗ ಅದೇ ದೇಶದ ಸೈನ್ಯಕ್ಕೆ ಸೇರಿದ್ದಾನೆ! ಯಾಕೆ ಸೇರಿದನೋ, ನಾನು ಎಷ್ಟು ಯೋಚಿಸಿದರೂ ಬಗೆಹರಿಯಲಿಲ್ಲ.

1916ರಲ್ಲಿ, ಮೊದಲ ಮಹಾಯುದ್ಧದಲ್ಲಿ, ಕೆನಡಾದ 20ನೇ ಬೆಟಾಲಿಯನ್ ಜೊತೆ ಬೆಲ್ಜಿಯಂ ಕಡೆಯ ಫ್ಲಾಂಡರ್ಸ್‌ನಲ್ಲಿ ಕಾದಾಡಿದರು. ಎರಡು ತಿಂಗಳೊಳಗೆ ಎರಡು ಸಲ ಗಾಯ. ಆಮೇಲೆ ಕ್ಷಯ ಹಿಡಿಯಿತು. 1919ರ ಆಗಸ್ಟಿನಲ್ಲಿ ಕಿಚನರ್‌ನ ಆಸ್ಪತ್ರೆಯಲ್ಲಿ ತೀರಿಕೊಂಡರು. ವಯಸ್ಸು 25. ಹತ್ತಿರ ಮನೆಯವರು ಯಾರೂ ಇಲ್ಲ.

ಆಮೇಲೆ ತೊಂಬತ್ತು ವರ್ಷದ ಹತ್ತಿರ ಅವರನ್ನು ಕೇಳಿದವರೇ ಇಲ್ಲ. ಕೊನೆಗೆ ಇಂಗ್ಲೆಂಡಿನ ಒಂದು ಗಿರವಿ ಅಂಗಡಿಯಲ್ಲಿ ಅವರ ವಿಕ್ಟರಿ ಮೆಡಲ್ ಸಿಕ್ಕಿತು. ಕೊಂಡವರು ಸಂದೀಪ್ ಸಿಂಗ್ ಬ್ರಾರ್ ಅನ್ನೋ ಇತಿಹಾಸಾಸಕ್ತರು. ಮೊದಲ ಮಹಾಯುದ್ಧದ ಈ ಪದಕದ ಅಂಚಿನಲ್ಲಿ ಸೈನಿಕನ ನಂಬರು, ಹೆಸರು, ಪಡೆ ಎಲ್ಲ ಕೊರೆದಿರುತ್ತಾರೆ. ಅದನ್ನೇ ಹಿಡಿದುಕೊಂಡು ಕಡತಗಳನ್ನು ಹುಡುಕುತ್ತಾ ಹೋಗಿ ಸಮಾಧಿ ಪತ್ತೆ ಮಾಡಿದರು. ಈಗ ಪ್ರತಿ ನವೆಂಬರಿನಲ್ಲಿ ಅಲ್ಲಿ ಜನ ಸೇರುತ್ತಾರೆ.

ಇದನ್ನು ಕೊಡಗಿನಲ್ಲಿ ಕೂತು ಯಾಕೆ ಬರೆಯುತ್ತಿದ್ದೇನೆ ಅಂದರೆ, ನಮ್ಮ ತಾತನ ಪದಕಗಳು ಗುಜರಿಗೆ ಹೋದವು. ಎರಡನೇ ಮಹಾಯುದ್ಧದಲ್ಲಿ ಬರ್ಮಾ ಕಡೆ ಇದ್ದವರು. ಮನೆ ರಿಪೇರಿ ಮಾಡಿಸುವಾಗ ಹಳೇ ಹಿತ್ತಾಳೆ ಪಾತ್ರೆಗಳ ಜೊತೆ ಆ ಡಬ್ಬಿಯನ್ನೂ ತೂಕಕ್ಕೆ ಹಾಕಿಬಿಟ್ಟೆವು. ಬೇರೆ ಯಾರನ್ನೂ ಬೈಯುವ ಹಾಗಿಲ್ಲ, ತೂಕ ನೋಡುತ್ತಾ ನಿಂತಿದ್ದವನು ನಾನೇ.

ಜನರಲ್‌ಗಳ ವಿಷಯ ಬೇರೆ. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು 1965ರ ಡಿಸೆಂಬರಿನಲ್ಲಿ ದೂರದ ಸೈಪ್ರಸ್‌ನಲ್ಲಿ, ವಿಶ್ವಸಂಸ್ಥೆಯ ಪಡೆಯ ಮುಖ್ಯಸ್ಥರಾಗಿದ್ದಾಗಲೇ ತೀರಿಕೊಂಡರು. ಇವತ್ತು ಮಡಿಕೇರಿಯ ಅವರ ಸನ್ನಿ ಸೈಡ್ ಮನೆ ಮ್ಯೂಸಿಯಂ ಆಗಿದೆ, ಸಂತೋಷ. ಆದರೆ ಅದೇ ವರ್ಷ ಸೆಪ್ಟೆಂಬರ್ 7ರಂದು, ಯುದ್ಧದ ವೇಳೆ, ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋಗಿ ವಾಪಸ್ ಬಾರದ ನಮ್ಮ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರನ್ನು ನೋಡಿ. ವೈರಿಯ ಸ್ಟಾರ್‌ಫೈಟರ್ ವಿಮಾನವನ್ನು ಹೊಡೆದುರುಳಿಸಿದ ಸಂಗತಿ ನಮಗೆ ಗೊತ್ತಾಗಿದ್ದೇ ಎಷ್ಟೋ ವರ್ಷದ ಮೇಲೆ, ಅದೂ ಗಡಿಯಾಚೆಯ ಮಾಹಿತಿಯಿಂದ. ಮಹಾವೀರ ಚಕ್ರ ಬಂದಿದ್ದು 1988ರಲ್ಲಿ. ಅಧಿಕಾರಿಯ ಕಥೆಯೇ ಹೀಗಾದರೆ ಒಬ್ಬ ಸಿಪಾಯಿಯನ್ನು ಯಾರು ಹುಡುಕುತ್ತಾರೆ?

ಹಾಗಾಗಿ ಓದುಗರಲ್ಲಿ ಒಂದು ಕೋರಿಕೆ. ನಮ್ಮ ಆಯುಧಗಳ ಹಬ್ಬ ಕೈಲ್ ಮುಹೂರ್ತಕ್ಕೆ ಕೋವಿ, ಒಡಿಕತ್ತಿ ಎಲ್ಲ ಹೊರಗೆ ತೆಗೆದು, ತೋಕ್ ಪೂ ಅನ್ನೋ ಹೂವು ಇಟ್ಟು ಪೂಜೆ ಮಾಡುತ್ತೇವಲ್ಲ, ಆ ದಿನ ಅಟ್ಟದ ಟ್ರಂಕನ್ನೂ ಇಳಿಸಿ. ಪದಕ ಸಿಕ್ಕಿದರೆ ಅಂಚನ್ನು ಬೆಳಕಿಗೆ ಹಿಡಿದು ಓದಿ. ಮನೆಯ ಹಿರಿಯರು ಇರುವಾಗಲೇ ಅದು ಯಾರದು, ಅವರು ಎಲ್ಲೆಲ್ಲಿದ್ದರು ಅಂತ ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಿಮ್ಮ ಪತ್ರಿಕೆಯೂ ವಾರಕ್ಕೊಮ್ಮೆ ಇಂಥವರಿಗೆ ಸ್ವಲ್ಪ ಜಾಗ ಕೊಟ್ಟರೆ ಒಳ್ಳೆಯದು.

ಇನ್ನೊಂದು ಮಾತು. ಹೊಳಪು ಬರಲಿ ಅಂತ ಪದಕಕ್ಕೆ ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಅಕ್ಷರ ಸವೆದುಹೋಗುತ್ತದೆ.

ನಿಮ್ಮ ಓದುಗ,
ವಿರಾಜಪೇಟೆ