ತವರು ಅಂಗಳದ ಕಥೆ ಗೇಟಿನಲ್ಲೇ ಸಿಗಲಿ

ಮಾನ್ಯ ಸಂಪಾದಕರೇ,

ಬೆಂಗಳೂರು ಎಫ್‌ಸಿ ಪಂದ್ಯ ನೋಡಲು ಮಗಳನ್ನು ಕಂಠೀರವ ಕ್ರೀಡಾಂಗಣಕ್ಕೆ ಕರೆದುಕೊಂಡು ಹೋಗಿದ್ದೆ. ಹತ್ತು ವರ್ಷದವಳು, ಮೊಣಕಾಲು ಮುಟ್ಟುವ ನೀಲಿ ಜೆರ್ಸಿ ಹಾಕಿಕೊಂಡಿದ್ದಳು. ಕೂತು ಐದು ನಿಮಿಷ ಆಗಿಲ್ಲ, “ಅಪ್ಪಾ, ಆಟಗಾರರು ಯಾಕೆ ಇಷ್ಟು ದೂರ? ಈ ಓಡೋ ಟ್ರ್ಯಾಕ್ ಫುಟ್‌ಬಾಲ್‌ಗೆ ಬೇಡ ಅಲ್ವಾ?” ಅಂದಳು.

ಬೇಡ, ನಿಜ. ಆದರೆ ಈ ಅಂಗಳವನ್ನು ಫುಟ್‌ಬಾಲ್‌ಗೆಂದೇ ಕಟ್ಟಿದ್ದಲ್ಲ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಸಜ್ಜಾದ ಜಾಗ ಇದು. ಓಟಗಾರರು ಇಲ್ಲಿ ಮೊದಲಿನಿಂದ ಇದ್ದವರು. ನಮ್ಮ ತಂಡ ಇಲ್ಲಿಗೆ ಬಂದದ್ದು 2014ರಲ್ಲಿ.

ಅದಕ್ಕೂ ಮೊದಲು ನಮ್ಮ ತವರು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ. 2013ರ ಸೆಪ್ಟೆಂಬರ್ 22ರಂದು ಮೋಹನ್ ಬಾಗಾನ್ ವಿರುದ್ಧ ಅಲ್ಲೇ ಮೊದಲ ಪಂದ್ಯ, 1-1 ಡ್ರಾ. ಚಿಕ್ಕ ಸ್ಟೇಡಿಯಂ. ಗೆರೆಯ ಪಕ್ಕ ನಿಂತು ಕೋಚ್ ಕೂಗಿದ್ದು ನಮ್ಮ ಮೆಟ್ಟಿಲವರೆಗೂ ಕೇಳುತ್ತಿತ್ತು. ಚೆಂಡು ಪುಟಿದಾಗ ಕೃತಕ ಹುಲ್ಲಿನಿಂದ ಕಪ್ಪು ರಬ್ಬರ್ ಚೂರು ಚಿಮ್ಮುವುದು ಕಾಣುತ್ತಿತ್ತು. ಆ ಮೊದಲ ಸೀಸನ್ನಿನಲ್ಲೇ ತಂಡ, ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತು. ‘ವೆಸ್ಟ್ ಬ್ಲಾಕ್ ಬ್ಲೂಸ್’ ಅನ್ನುವ ಅಭಿಮಾನಿ ಬಳಗಕ್ಕೆ ಆ ಹೆಸರು ಬಂದದ್ದೂ ಅಲ್ಲಿನ ಪಶ್ಚಿಮದ ಸ್ಟ್ಯಾಂಡಿನಿಂದಲೇ. ಕಂಠೀರವಕ್ಕೆ ಹೋದ ಮೇಲೂ ಅವರು ಹೆಸರು ಬಿಡಲಿಲ್ಲ. ನನಗೆ ಅದು ತುಂಬಾ ಇಷ್ಟ.

ಕಂಠೀರವವೂ ನಮಗೆ ಬೇಕಾದಷ್ಟು ಕೊಟ್ಟಿದೆ. 2016ರ ಅಕ್ಟೋಬರ್ 19ರ ರಾತ್ರಿಯನ್ನು ನಾನು ಮರೆಯುವ ಹಾಗೇ ಇಲ್ಲ. ಏಷ್ಯಾದ ಕ್ಲಬ್‌ಗಳ ಟೂರ್ನಿ ಎಎಫ್‌ಸಿ ಕಪ್‌ನ ಸೆಮಿಫೈನಲ್. ಎದುರಾಳಿ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೋಹೋರ್. ಮೊದಲ ಗೋಲು ಅವರದೇ. ಸ್ಟ್ಯಾಂಡ್ ಒಂದು ಗಳಿಗೆ ತಣ್ಣಗಾಯಿತು. ಆಮೇಲೆ ಸುನಿಲ್ ಚೆಟ್ರಿ ಎರಡು, ಹುವಾನನ್ ಒಂದು. 3-1. ಭಾರತದ ಕ್ಲಬ್ ಒಂದು ಮೊದಲ ಬಾರಿ ಆ ಕಪ್ಪಿನ ಫೈನಲ್ ತಲುಪಿತು. ಪಕ್ಕದಲ್ಲಿದ್ದ ಅಪರಿಚಿತರು ನನ್ನನ್ನು ತಬ್ಬಿಕೊಂಡು ಅತ್ತರು. ನಾನೂ ಅತ್ತೆ.

ಇನ್ನೂ ಹಿಂದಕ್ಕೆ ಹೋದರೆ ಈ ಎರಡೂ ಅಂಗಳಗಳು ಕೆರೆಗಳು. ಅಶೋಕನಗರದ್ದು ಶೂಲೆ ಕೆರೆ, ಕಂಠೀರವ ಸಂಪಂಗಿ ಕೆರೆ. ಹೆಸರಘಟ್ಟದ ನೀರು ಬರುವ ಮೊದಲು ಊರಿನ ದಾಹ ತೀರಿಸಿದ ಕೆರೆಗಳಲ್ಲಿ ಸಂಪಂಗಿಯೂ ಒಂದು. ಈಗ ಕರಗದ ಪೂಜೆಗೆಂದು ಮೂಲೆಯಲ್ಲಿ ಒಂದು ಸಣ್ಣ ಕೊಳ ಉಳಿದಿದೆ, ಅಷ್ಟೇ. ಇದನ್ನು ಹೇಳಿದಾಗ ಮಗಳು ಬಗ್ಗಿ ಕಾಲ ಕೆಳಗಿನ ಸಿಮೆಂಟ್ ನೋಡಿದಳು. “ನಾವು ನೀರಿನ ಮೇಲೆ ಕೂತಿದ್ದೀವಾ?”

ನನ್ನ ಬೇಡಿಕೆ ದೊಡ್ಡದಲ್ಲ. ಎರಡೂ ಕ್ರೀಡಾಂಗಣಗಳ ಗೇಟಿನಲ್ಲಿ ಕನ್ನಡದ ಒಂದೊಂದು ಫಲಕ ಹಾಕಿಸಲಿ. ಅಲ್ಲಿ ಕೆರೆಯ ಹೆಸರಿರಲಿ, ಮುಖ್ಯ ಪಂದ್ಯಗಳ ತಾರೀಖು ಇರಲಿ. ಅಶೋಕನಗರದ ಫಲಕದಲ್ಲಿ ಹಳಬರಿಗೂ ಜಾಗ ಬೇಕು. 1937 ಮತ್ತು 1938ರಲ್ಲಿ ಮುಂಬೈಯ ಹಳೆಯ ಫುಟ್‌ಬಾಲ್ ಟೂರ್ನಿ ರೋವರ್ಸ್ ಕಪ್ ಗೆದ್ದ ಬೆಂಗಳೂರು ಮುಸ್ಲಿಮ್ಸ್ ತಂಡ, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಗೋಲು ಹೊಡೆದ ನಮ್ಮೂರಿನ ಸಾರಂಗಪಾಣಿ ರಾಮನ್. ಇವರ ಹೆಸರು ಗ್ಯಾಲರಿಯಲ್ಲಿ ಕೂತ ಎಷ್ಟು ಮಕ್ಕಳಿಗೆ ಗೊತ್ತು? ಎರಡೂ ಕಡೆ ನಾನು ಎಷ್ಟೋ ಸಲ ಓಡಾಡಿದ್ದೇನೆ, ಇಂಥದ್ದೊಂದು ಫಲಕ ನನ್ನ ಕಣ್ಣಿಗೆ ಬಿದ್ದಿಲ್ಲ.

ಅಲ್ಲಿಯವರೆಗೆ ಈ ಕೆಲಸ ನಾನೇ ಮಾಡುತ್ತೇನೆ. ಬರುವ ಭಾನುವಾರ ಮಗಳನ್ನು ಅಶೋಕನಗರಕ್ಕೆ ಕರೆದುಕೊಂಡು ಹೋಗಿ, 2013ರಲ್ಲಿ ನಾನು ಕೂತಿದ್ದ ಮೆಟ್ಟಿಲು ತೋರಿಸುವುದಿದೆ.

ಇಂತಿ,
ಒಬ್ಬ ಫುಟ್‌ಬಾಲ್ ಅಭಿಮಾನಿ
ಆಸ್ಟಿನ್ ಟೌನ್, ಬೆಂಗಳೂರು